ಫ್ರಿಜ್ಜಿನ ಐಸ್ ಮೇಕರ್ ನಿಂತುಹೋದರೆ: ಕಲಬುರಗಿ ಸೀಮೆಯ ಮನೆಗಳಲ್ಲಿ ಮೊದಲು ಏನನ್ನು ನೋಡಬೇಕು

ಕಲಬುರಗಿ, ಯಾದಗಿರಿಗಳಲ್ಲಿ ಬಿಸಿಲು 42 ಡಿಗ್ರಿ ದಾಟಿ, ಮಜ್ಜಿಗೆಗೂ ಶರಬತ್ತಿಗೂ ಐಸ್ ಬೇಕೇ ಬೇಕು ಎನ್ನುವ ಹೊತ್ತಿಗೇ ಮನೆಯ ಫ್ರಿಜ್ಜಿನ ಐಸ್ ಮೇಕರ್ ಕೈಕೊಡುವುದು ಹೆಚ್ಚು. ಇದು ಬರಿಯ ದುರದೃಷ್ಟವಲ್ಲ, ಇದಕ್ಕೆ ಕಾರಣವಿದೆ. ಐಸ್ ಮೇಕರ್ ಎಂಬುದು ಸ್ವತಃ ಹೆಚ್ಚು ಕೆಲಸ ಮಾಡುವ ಯಂತ್ರವಲ್ಲ. ಅದು ಟ್ರೇಗೆ ಇಷ್ಟು ನೀರು ಬಿಡುತ್ತದೆ, ಆ ನೀರು ಗಟ್ಟಿಯಾಗುವ ತನಕ ಕಾಯುತ್ತದೆ, ಆಮೇಲೆ ಟ್ರೇಯನ್ನು ತಿರುಗಿಸಿ ತುಂಡುಗಳನ್ನು ಕೆಳಗಿನ ಡಬ್ಬಕ್ಕೆ ಬೀಳಿಸುತ್ತದೆ. ಅದಕ್ಕೆ ಬೇಕಾದ ನೀರು, ತಂಪು ಮತ್ತು ವಿದ್ಯುತ್ತು ಮೂರೂ ಹೊರಗಿನಿಂದ ಬರಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕೊರತೆಯಾಗುವುದೂ ಈ ಮೂರೇ. ಆದ್ದರಿಂದ ಮೆಕ್ಯಾನಿಕ್ ಬಂದವನೇ ‘ಪೂರ್ತಿ ಸೆಟ್ ಬದಲಿಸಬೇಕು’ ಎಂದರೆ, ಹೂಂ ಎನ್ನುವ ಮುನ್ನ ಮನೆಯವರೇ ನೋಡಬಹುದಾದ ಸಂಗತಿಗಳು ಹಲವಿವೆ.

ನಿಮ್ಮ ಫ್ರಿಜ್ಜಿನಲ್ಲಿರುವುದು ಯಾವ ಬಗೆಯದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕೈಯಿಂದ ನೀರು ತುಂಬಿಸಿ ಗುಂಡಿ ತಿರುಗಿಸಿದರೆ ತುಂಡು ಉದುರುವಂಥದ್ದು ಒಂದು. ಅದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಫ್ರಿಜ್ಜಿನೊಳಗೆ ಇರಿಸುವ ಚಿಕ್ಕ ನೀರಿನ ಟ್ಯಾಂಕಿನಿಂದ ಪಂಪು ನೀರೆಳೆದುಕೊಂಡು ಐಸ್ ಮಾಡುವಂಥದ್ದು ಇನ್ನೊಂದು. ಗೋಡೆಯ ನಲ್ಲಿಯಿಂದ ಕಾಲು ಇಂಚಿನ ಪೈಪು ನೇರವಾಗಿ ಫ್ರಿಜ್ಜಿನ ಬೆನ್ನಿಗೆ ಬಂದು ಸೇರುವಂಥದ್ದು ಮೂರನೆಯದು. ಎರಡು ಬಾಗಿಲಿನ ದೊಡ್ಡ ಫ್ರಿಜ್ಜುಗಳಲ್ಲಿ ಇದನ್ನು ಕಾಣುತ್ತೇವೆ. ಇಲ್ಲಿ ಹೇಳುವ ಬಹುಪಾಲು ಮಾತು ಮೂರನೆಯ ಬಗೆಗೆ ಸಂಬಂಧಿಸಿದ್ದು, ಏಕೆಂದರೆ ತೊಂದರೆಯೂ ಅದರಲ್ಲಿಯೇ ಹೆಚ್ಚು.

ಏನನ್ನೂ ಬಿಚ್ಚುವ ಮುನ್ನ

ಐಸ್ ಮೇಕರ್ ಬಂದ್ ಆಗಿರುವುದೇ ಗೊತ್ತಾಗದೆ ಮೆಕ್ಯಾನಿಕ್‌ಗೆ ಫೋನ್ ಮಾಡುವವರು ಕಡಿಮೆಯಿಲ್ಲ. ಬಾಗಿಲಿನ ಮೇಲಿನ ಫಲಕದಲ್ಲಿ ಐಸ್ ಬಂದ್ ಎಂಬ ದೀಪ ಉರಿಯುತ್ತಿದೆಯೇ, ಮಕ್ಕಳು ಬೀಗದ ಗುರುತಿನ ಗುಂಡಿ ಒತ್ತಿದ್ದಾರೆಯೇ ನೋಡಿ. ಕೆಲವು ಮಾದರಿಗಳಲ್ಲಿ ಐಸ್ ಮೇಕರಿನ ಪಕ್ಕದಲ್ಲಿ ತಂತಿಯ ಅಥವಾ ಪ್ಲಾಸ್ಟಿಕ್ಕಿನ ಒಂದು ತೋಳು ಇರುತ್ತದೆ. ಡಬ್ಬ ತುಂಬಿದಾಗ ಐಸ್ ಈ ತೋಳನ್ನು ಮೇಲಕ್ಕೆತ್ತಿ ಹಿಡಿಯುತ್ತದೆ, ಆಗ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಬಟಾಣಿಯ ಪೊಟ್ಟಣವನ್ನೋ ಐಸ್‌ಕ್ರೀಮ್ ಡಬ್ಬಿಯನ್ನೋ ಒಳಗೆ ತುರುಕುವಾಗ ಈ ತೋಳು ಮೇಲಕ್ಕೆ ಸಿಕ್ಕಿಕೊಂಡರೂ ಅದೇ ಪರಿಣಾಮವಾಗುತ್ತದೆ. ತೋಳಿನ ಬದಲು ಬೆಳಕಿನ ಸೆನ್ಸರ್ ಇದ್ದರೆ, ಅದರ ಕಣ್ಣಿನ ಮೇಲೆ ಕೂತ ಮಂಜನ್ನು ಒಣ ಬಟ್ಟೆಯಿಂದ ಒರೆಸಬೇಕು.

ಡಬ್ಬವನ್ನು ಹೊರಗೆ ತೆಗೆದು ನೋಡುವುದು ಇನ್ನೊಂದು ಸುಲಭದ ಪರೀಕ್ಷೆ. ಕರೆಂಟು ಎರಡು ಮೂರು ತಾಸು ಹೋಗಿ ಬಂದರೆ ಡಬ್ಬದೊಳಗಿನ ತುಂಡುಗಳ ಮೈ ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಒಂದಕ್ಕೊಂದು ಅಂಟಿಕೊಂಡು ಬಂಡೆಯಾಗುತ್ತವೆ. ಆ ಬಂಡೆ ಒಂದು ಮೂಲೆಯಲ್ಲಿ ಎತ್ತರಕ್ಕೆ ನಿಂತರೆ ಡಬ್ಬ ತುಂಬಿದೆ ಎಂದೇ ಯಂತ್ರ ತಿಳಿಯುತ್ತದೆ. ಅದನ್ನು ಸಿಂಕಿಗೆ ಸುರಿದು, ಡಬ್ಬ ತೊಳೆದು, ತೇವವೇ ಇಲ್ಲದಂತೆ ಒರೆಸಿ ಮತ್ತೆ ಇಡಬೇಕು. ಫ್ರಿಜ್ಜು ಹೊಸದಾಗಿದ್ದರೆ ಅಥವಾ ದಿನಗಟ್ಟಲೆ ಬಂದ್ ಆಗಿದ್ದು ಈಗಷ್ಟೇ ಹಚ್ಚಿದ್ದರೆ 24 ತಾಸು ಕಾಯುವುದೇ ಸರಿಯಾದ ಉಪಾಯ. ಅಲ್ಲಿಯವರೆಗೆ ಐಸ್ ಬಾರದಿದ್ದರೆ ಅದು ದೋಷವಲ್ಲ.

ತಂಪು ಸಾಲುತ್ತಿದೆಯೇ

ಬಹುಪಾಲು ಐಸ್ ಮೇಕರುಗಳು ಟ್ರೇಯ ಉಷ್ಣತೆ ಮೈನಸ್ 9 ಅಥವಾ 10 ಡಿಗ್ರಿಗೆ ಇಳಿಯುವ ತನಕ ತುಂಡುಗಳನ್ನು ಬೀಳಿಸುವುದಿಲ್ಲ. ಅದಕ್ಕಾಗಿ ಫ್ರೀಜರ್ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಫಲಕದ ಮೇಲೆ ಕಾಣುವ ಅಂಕಿ ನೀವು ಕೇಳಿದ ತಂಪೇ ಹೊರತು ಒಳಗೆ ನಿಜವಾಗಿ ಇರುವ ತಂಪಲ್ಲ ಎಂಬುದನ್ನು ನೆನಪಿಡಬೇಕು. ಫ್ರೀಜರಿಗೆಂದೇ ಮಾಡಿದ ಥರ್ಮಾಮೀಟರನ್ನು ಪೊಟ್ಟಣಗಳ ನಡುವೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿಕೊಂಡರೆ ಸತ್ಯ ತಿಳಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಐಸ್‌ಕ್ರೀಮಿಗೆ ಚಮಚ ಹಾಕಿ ನೋಡಿ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದರೆ ತೊಂದರೆ ಇರುವುದು ಫ್ರೀಜರಿನಲ್ಲಿ, ಐಸ್ ಮೇಕರಿನಲ್ಲಿ ಅಲ್ಲ.

ಫ್ರಿಜ್ಜಿನ ಒಳಗೋಡೆಗೆ ಅಂಟಿಸಿದ ಚೀಟಿಯಲ್ಲಿ ಹವಾಮಾನ ವರ್ಗ ಎಂಬ ಒಂದು ಸಾಲು ಇರುತ್ತದೆ. ಕೊಳ್ಳುವಾಗ ಅದನ್ನು ಓದುವವರು ಅಪರೂಪ. ‘ಎನ್’ ಎಂದಿದ್ದರೆ ಆ ಫ್ರಿಜ್ಜನ್ನು 32 ಡಿಗ್ರಿವರೆಗಿನ ಕೋಣೆಗೆ, ‘ಎಸ್‌ಟಿ’ ಎಂದಿದ್ದರೆ 38 ಡಿಗ್ರಿವರೆಗಿನ ಕೋಣೆಗೆ, ‘ಟಿ’ ಎಂದಿದ್ದರೆ 43 ಡಿಗ್ರಿವರೆಗಿನ ಕೋಣೆಗೆ ತಯಾರಿಸಲಾಗಿದೆ ಎಂದರ್ಥ. ಎತ್ತರದ ಬೀದರಿನಲ್ಲಿ ಒಂದಿಷ್ಟು ತಂಪಾದರೂ ಇದೆ. ಕಲಬುರಗಿ, ಯಾದಗಿರಿಗಳಲ್ಲಿ ತಗಡಿನ ಮಾಳಿಗೆಯ ಅಡುಗೆಮನೆಯಲ್ಲಿ ‘ಎಸ್‌ಟಿ’ ವರ್ಗದ ಫ್ರಿಜ್ಜು ಮೇ ತಿಂಗಳ ಮಧ್ಯಾಹ್ನ ಏದುಸಿರು ಬಿಟ್ಟರೆ ಅದರದೇನೂ ತಪ್ಪಿಲ್ಲ. ಅಂಥ ಮನೆಯಲ್ಲಿ ಫ್ರಿಜ್ಜನ್ನು ಒಲೆಯ ಪಕ್ಕದಿಂದಲೂ ಪಡುವಣ ಗೋಡೆಯಿಂದಲೂ ದೂರ ಸರಿಸಿ ಪಡಸಾಲೆಯ ನೆರಳಿಗೆ ತಂದರೆ ರಿಪೇರಿಯೇ ಬೇಡವಾಗುವ ಸಂಭವವಿದೆ. ಹಿಂಬದಿಯಲ್ಲಿ ಒಂದು ಗೇಣಿನಷ್ಟಾದರೂ ಜಾಗವಿರಲಿ. ಫ್ರಿಜ್ಜಿನ ತಲೆಯ ಮೇಲೆ ಹಾಸಿದ ಕಸೂತಿ ಬಟ್ಟೆ ಚೆಂದವೇ, ಆದರೆ ಅದು ಹಿಂದಕ್ಕೆ ಇಳಿಬಿದ್ದು ಗಾಳಿಯ ದಾರಿ ಮುಚ್ಚಬಾರದು. ಹಿಂಬದಿಯ ಅಥವಾ ತಳದ ಕಾಯಿಲುಗಳ (ಬಿಸಿಯನ್ನು ಹೊರಹಾಕುವ ಕೊಳವೆಗಳ) ಮೇಲೆ ಧೂಳು ಕೂತಿದ್ದರೆ, ಪ್ಲಗ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಗುಡಿಸಬೇಕು.

ಬಾಗಿಲಿನ ರಬ್ಬರಿನ ನಡುವೆ ಒಂದು ನೋಟು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಬಿಸಿಗಾಳಿ ಒಳಗೆ ನುಗ್ಗುತ್ತಿದೆ. ರಬ್ಬರನ್ನು ಸೋಪಿನ ನೀರಿನಿಂದ ಒರೆಸಿದರೆ ಹಲವು ಸಲ ಸರಿಹೋಗುತ್ತದೆ. ಫ್ರೀಜರಿನ ಹಿಂಗೋಡೆಯ ಮೇಲೆ ದಪ್ಪನೆಯ ಮಂಜು ಬೆಳೆದಿದ್ದರೆ, ಅಥವಾ ಒಳಗಿನ ಫ್ಯಾನಿನ ಸದ್ದೇ ಕೇಳಿಸದಿದ್ದರೆ, ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ.

ಸಂಜೆಯ ಹೊತ್ತು ಎಲ್ಲರ ಮನೆಯ ಕೂಲರೂ ಏಸಿಯೂ ಒಟ್ಟಿಗೆ ಓಡುವಾಗ ವೋಲ್ಟೇಜು ಕುಸಿಯುವುದನ್ನೂ ಗಮನಿಸಬೇಕು. ಸ್ಟೆಬಿಲೈಜರಿನ ಮೇಲೆ ಮೀಟರ್ ಇದ್ದರೆ ಸಂಜೆ ಏಳರಿಂದ ಹತ್ತರವರೆಗೆ ಆಗಾಗ ನೋಡಿಕೊಳ್ಳಿ. ‘ಸ್ಟೆಬಿಲೈಜರ್ ಬೇಡ’ ಎಂದು ಬರೆದ ಫ್ರಿಜ್ಜಿಗೂ ಇಂತಿಷ್ಟರಿಂದ ಇಂತಿಷ್ಟು ವೋಲ್ಟ್ ಎಂಬ ಮಿತಿ ಇದ್ದೇ ಇರುತ್ತದೆ; ಆ ಮಿತಿ ಕೈಪಿಡಿಯಲ್ಲಿ ಸಿಗುತ್ತದೆ.

ನೀರು: ನಮ್ಮ ಕಡೆಯ ಮುಖ್ಯ ಸಮಸ್ಯೆ

ಫ್ರಿಜ್ಜು ತಯಾರಿಸುವವರು ಗೋಡೆಯ ನಲ್ಲಿಯಲ್ಲಿ ದಿನವಿಡೀ ರಭಸದ ನೀರು ಇರುತ್ತದೆಂದು ಎಣಿಸಿಯೇ ನೀರಿನ ವಾಲ್ವನ್ನು (ಫ್ರಿಜ್ಜಿನೊಳಕ್ಕೆ ನೀರು ಬಿಟ್ಟು ನಿಲ್ಲಿಸುವ ಭಾಗವನ್ನು) ರೂಪಿಸಿರುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ, ಅಂದರೆ ಸುಮಾರು 1.4 ಬಾರ್ ಒತ್ತಡ ಬೇಕು. ಈಗ ನಮ್ಮ ಮನೆಗಳ ಲೆಕ್ಕ ನೋಡೋಣ. ನಲ್ಲಿಗೆ ನೀರು ದಿನ ಬಿಟ್ಟು ದಿನವೋ ಅದಕ್ಕಿಂತ ತಡವಾಗಿಯೋ ಬರುವುದರಿಂದ ಎಲ್ಲರೂ ಅದನ್ನು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸಿ ಬಳಸುತ್ತೇವೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕು ಫ್ರಿಜ್ಜಿಗಿಂತ ಮೂರು ನಾಲ್ಕು ಮೀಟರ್ ಮೇಲಿದ್ದರೆ ಸಿಗುವುದು 0.3 ಅಥವಾ 0.4 ಬಾರ್ ಮಾತ್ರ. 1.4 ಬಾರ್ ಬೇಕೆಂದರೆ ಟ್ಯಾಂಕು 14 ಮೀಟರ್ ಮೇಲೆ, ಅಂದರೆ ನಾಲ್ಕಂತಸ್ತಿನ ಎತ್ತರದಲ್ಲಿ ಇರಬೇಕಾಗುತ್ತದೆ. ಗೋಡೆಗೆ ತೂಗುಹಾಕಿದ ಆರ್‌ಒ ಯಂತ್ರದ ನಲ್ಲಿಯಿಂದ ಪೈಪು ಎಳೆದರಂತೂ ಒತ್ತಡ ಇಲ್ಲವೆಂದೇ ಹೇಳಬೇಕು, ಏಕೆಂದರೆ ಅದರೊಳಗಿನ ಡಬ್ಬಿಯಿಂದ ನೀರು ತನ್ನ ಭಾರಕ್ಕೇ ಇಳಿಯುತ್ತದೆ.

ಒತ್ತಡ ಕಡಿಮೆಯಾದರೆ ತುಂಡು ಚಿಕ್ಕದಾಗುತ್ತದೆ ಎನ್ನುವುದಷ್ಟೇ ತೊಂದರೆಯಲ್ಲ. ಆ ವಾಲ್ವಿನೊಳಗಿನ ರಬ್ಬರ್ ಪೊರೆಯನ್ನು ಬಿಗಿಯಾಗಿ ಮುಚ್ಚಿ ಹಿಡಿಯುವುದು ನೀರಿನ ಒತ್ತಡವೇ. ಒತ್ತಡ ಸಾಲದಿದ್ದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಹನಿಹನಿಯಾಗಿ ಸೋರುತ್ತದೆ, ಆ ಹನಿ ಟ್ರೇಗೆ ನೀರು ಬೀಳುವ ಕೊಳವೆಯ ಬಾಯಲ್ಲಿಯೇ ಹೆಪ್ಪುಗಟ್ಟುತ್ತದೆ, ಕೊಳವೆ ಕಟ್ಟಿಕೊಂಡು ಮುಂದೆ ನೀರೇ ಬರುವುದಿಲ್ಲ. ಹೀಗೆ ಕಟ್ಟಿದ ಐಸನ್ನು ಕರಗಿಸಿಕೊಟ್ಟು ಹೋದ ಮೆಕ್ಯಾನಿಕ್‌ನನ್ನು ಸ್ವಲ್ಪ ದಿನಕ್ಕೆ ಮತ್ತೆ ಕರೆಯಬೇಕಾಗುವುದು ಇದೇ ಕಾರಣಕ್ಕೆ. ಕೊಳವೆಯನ್ನು ಬಿಡಿಸಿದರೆ ಸಾಲದು, ಒತ್ತಡವನ್ನೂ ಸರಿಪಡಿಸಬೇಕು.

ಬಾಗಿಲಲ್ಲಿಯೇ ಕುಡಿಯುವ ನೀರು ಬರುವ ಮಾದರಿಯಾದರೆ ಒತ್ತಡವನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಅಳತೆಯ ಲೋಟ ಹಿಡಿದು ಗಡಿಯಾರ ನೋಡಿ: 180 ಮಿಲಿಲೀಟರ್ ನೀರು ಹತ್ತು ಸೆಕೆಂಡಿನೊಳಗೆ ತುಂಬಿದರೆ ಒತ್ತಡ ಚೆನ್ನಾಗಿದೆ. ತುಂಬದಿದ್ದರೆ ಫ್ರಿಜ್ಜಿನೊಳಗಿನ ಫಿಲ್ಟರನ್ನು ತೆಗೆದು, ಅದರ ಜಾಗಕ್ಕೆ ಕಂಪನಿ ಕೊಟ್ಟ ಮುಚ್ಚಳ ಹಾಕಿ ಮತ್ತೆ ಅಳೆಯಿರಿ. ಈಗ ಬೇಗ ತುಂಬಿತೆಂದರೆ ಕಟ್ಟಿಕೊಂಡಿರುವುದು ಫಿಲ್ಟರು. ಅದನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬದಲಿಸಲು ಹೇಳುತ್ತಾರೆ. ಮಳೆಗಾಲದಲ್ಲಿ ಕದಡಿದ ನೀರು ಬರುವ ಓಣಿಗಳಲ್ಲಿ ಅಷ್ಟು ದಿನ ಬಾಳುವುದಿಲ್ಲ. ಫಿಲ್ಟರಿಲ್ಲದೆಯೂ ನಿಧಾನವೇ ಆದರೆ ಫ್ರಿಜ್ಜನ್ನು ಹುಷಾರಾಗಿ ಮುಂದಕ್ಕೆ ಎಳೆದು, ಹಿಂದಿನ ಪೈಪು ಗೋಡೆಗೆ ಒತ್ತಿ ಮಡಚಿಕೊಂಡಿದೆಯೇ, ಗೋಡೆಯ ಚಿಕ್ಕ ನಲ್ಲಿ ಪೂರ್ತಿ ತೆರೆದಿದೆಯೇ ನೋಡಬೇಕು. ಅಲ್ಲಿಯೂ ಎಲ್ಲ ಸರಿಯಿದ್ದರೆ ಉಳಿಯುವ ದಾರಿ ಚಿಕ್ಕ ಬೂಸ್ಟರ್ ಪಂಪು. ಒತ್ತಡದ ಸ್ವಿಚ್ ಇರುವ, ತಾನಾಗಿಯೇ ಹತ್ತಿ ನಿಲ್ಲುವ ಪಂಪನ್ನು ಆರ್‌ಒ ರಿಪೇರಿ ಮಾಡುವವರೇ ಕೂಡಿಸಿಕೊಡುತ್ತಾರೆ. ನನ್ನ ಎಣಿಕೆಯಲ್ಲಿ, ಒಂದಂತಸ್ತಿನ ಮನೆಗೆ ಪೈಪಿನ ಫ್ರಿಜ್ಜು ತರುವವರು ಈ ಪಂಪನ್ನು ಮೊದಲ ದಿನವೇ ಹಾಕಿಸಿಕೊಳ್ಳುವುದು ಜಾಣತನ.

ಟ್ಯಾಂಕು ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗೆ ಗಾಳಿ ಸೇರಿಕೊಂಡಿರುತ್ತದೆ. ಆಗ ಬಾಗಿಲಿನ ನೀರನ್ನು, ಬುಸ್ ಬುಸ್ ಎನ್ನುವುದು ನಿಂತು ಧಾರೆ ಒಂದೇ ಸಮನಾಗುವ ತನಕ, ಪಾತ್ರೆಗೆ ಬಿಡಬೇಕು. ಇನ್ನೊಂದು ಸಂಗತಿ: ಮಾಳಿಗೆಯ ಕರಿ ಟ್ಯಾಂಕಿನ ನೀರು ಮೇ ತಿಂಗಳ ಮಧ್ಯಾಹ್ನ ಸ್ನಾನಕ್ಕೆ ಕಾಯಿಸಿದಷ್ಟೇ ಬಿಸಿಯಿರುತ್ತದೆ. ಆ ನೀರು ಟ್ರೇಗೆ ಬಿದ್ದರೆ ಗಟ್ಟಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೀಗಾಗಿ ಹಗಲು ಐಸ್ ಬಾರದೆ ಇರುಳು ಬರುತ್ತಿದ್ದರೆ ಯಂತ್ರಕ್ಕೆ ಏನೂ ಆಗಿಲ್ಲ. ಟ್ಯಾಂಕಿಗೆ ನೆರಳು ಮಾಡಿಸಿದರೆ ಸಾಕು.

ಇನ್ನು ನೀರಿನ ಗಡಸುತನ. ಶಹಾಬಾದ್, ಸೇಡಂ, ಚಿತ್ತಾಪುರದ ಸುತ್ತ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಆ ಕಲ್ಲಿನ ನಡುವೆ ಹಾಯ್ದು ಬರುವ ಬೋರ್‌ವೆಲ್ ನೀರು ಸುಣ್ಣವನ್ನು ಹೊತ್ತು ತರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600. ಫ್ರಿಜ್ಜಿನೊಳಗಿನ ಇದ್ದಿಲು ಫಿಲ್ಟರ್ ವಾಸನೆಯನ್ನೂ ಕ್ಲೋರಿನನ್ನೂ ಹಿಡಿಯುತ್ತದೆಯೇ ಹೊರತು ಕರಗಿದ ಸುಣ್ಣವನ್ನು ಹಿಡಿಯುವುದಿಲ್ಲ; ‘ಫಿಲ್ಟರ್ ಇದೆಯಲ್ಲ’ ಎಂಬ ಧೈರ್ಯದಿಂದ ಬೋರಿನ ನೀರನ್ನು ನೇರವಾಗಿ ಜೋಡಿಸುವವರು ಇದನ್ನು ತಿಳಿದಿರಬೇಕು. ನೀರಿನ ವಾಲ್ವಿನ ಬಾಯಲ್ಲಿ ಒಂದು ಪುಟ್ಟ ಜಾಲರಿ ಇರುತ್ತದೆ. ಪ್ಲಗ್ ತೆಗೆದು, ಗೋಡೆಯ ನಲ್ಲಿ ಬಂದ್ ಮಾಡಿ, ಪೈಪಿನ ನಟ್ಟು ಬಿಚ್ಚಿದರೆ ಅದು ಕಣ್ಣಿಗೆ ಬೀಳುತ್ತದೆ: ಕಿರುಬೆರಳಿನ ತುದಿಯಷ್ಟಗಲ, ಅದರ ತೂತುಗಳಲ್ಲಿ ಬಿಳಿಯ ಹರಳು, ನಡುನಡುವೆ ಕೆಂಪು ಮಣ್ಣಿನ ಕಣ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಬೇಕು. ಕಳಚಿಕೊಳ್ಳುವ ಜಾಲರಿಯಾದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚದಂತೆ ಕದಡಿ ಅದರಲ್ಲಿ ಅರ್ಧ ತಾಸು ನೆನೆಸಿ, ಬಳಿಕ ಚೆನ್ನಾಗಿ ತೊಳೆದು ಹಾಕಬೇಕು. ಟ್ರೇಯ ಮೈಮೇಲೆ ಸುಣ್ಣದ ಬಿಳಿ ಪದರ ಕೂತಾಗಲೂ ತುಂಡುಗಳು ಬಿಡದೆ ಅಂಟಿಕೊಳ್ಳುತ್ತವೆ. ಹೊರಗೆ ಬರುವ ಟ್ರೇಗೂ ಇದೇ ಉಪಚಾರ. ಚಾಕು, ಸ್ಕ್ರೂಡ್ರೈವರುಗಳಿಂದ ಕೆರೆಯಬಾರದು.

ಹೆಪ್ಪುಗಟ್ಟಿದ ಕೊಳವೆಯನ್ನು ಬಿಡಿಸುವ ಕ್ರಮ ಹೀಗಿದೆ. ಪ್ಲಗ್ ತೆಗೆದು, ಫ್ರೀಜರಿನ ಸಾಮಾನು ಬೇರೆಡೆಗೆ ಸಾಗಿಸಿ, ತಳದಲ್ಲಿ ದಪ್ಪನೆಯ ಟವೆಲ್ ಹಾಸಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೊಳವೆಯ ಬಾಯಿಗೆ ಮತ್ತೆ ಮತ್ತೆ ಒತ್ತಿ ಹಿಡಿಯಬೇಕು. ಅವಸರವಿಲ್ಲದಿದ್ದರೆ ಬಾಗಿಲು ತೆರೆದಿಟ್ಟು ಬಿಟ್ಟರೂ ಆದೀತು. ನಮ್ಮ ಬೇಸಿಗೆಗೆ ಅದೇನು ಬಹಳ ಹೊತ್ತಿನ ಕೆಲಸವಲ್ಲ. ಬೆಂಕಿಯನ್ನಂತೂ ಹತ್ತಿರ ತರಲೇಬಾರದು. ಈಚಿನ ಮನೆ ಫ್ರಿಜ್ಜುಗಳ ತಂಪು ಮಾಡುವ ಕೊಳವೆಗಳಲ್ಲಿ ಇರುವುದು ಹೆಚ್ಚಾಗಿ ಆರ್600ಎ ಎಂಬ ಅನಿಲ, ಅದು ಹೊತ್ತಿ ಉರಿಯುವಂಥದ್ದು. ಚೂಪಾದ ವಸ್ತುವಿನಿಂದ ಐಸನ್ನು ಕುಟ್ಟಬಾರದೆನ್ನುವುದೂ ಇದಕ್ಕೇ.

ತುಂಡನ್ನು ನೋಡಿಯೇ ರೋಗ ಹೇಳಬಹುದು

ಐಸ್ ಪೂರ್ತಿ ನಿಲ್ಲುವ ಮುನ್ನ ಬಿದ್ದ ಕೊನೆಯ ತುಂಡುಗಳನ್ನು ಅಂಗೈಯಲ್ಲಿಟ್ಟು ನೋಡಿ. ಒಳಗೆ ಪೊಳ್ಳಾಗಿ, ಚಿವುಟಿದರೆ ಒಡೆಯುವಷ್ಟು ತೆಳುವಾಗಿದ್ದರೆ ನೀರು ಕಡಿಮೆ ಬರುತ್ತಿದೆ. ತುಂಡುಗಳು ಒಂದಕ್ಕೊಂದು ಹಲಗೆಯಂತೆ ಕೂಡಿಕೊಂಡು ಬಿದ್ದರೆ ನೀರು ಹೆಚ್ಚಾಗಿ ತುಂಬುತ್ತಿದೆ, ಅಥವಾ ಫ್ರಿಜ್ಜು ಮಟ್ಟವಾಗಿ ನಿಂತಿಲ್ಲ. ಶಹಾಬಾದಿ ಪರಸಿ ಕಲ್ಲು ಹಾಸಿದ ಹಳೆಯ ಮನೆಗಳಲ್ಲಿ ಎರಡು ಪರಸಿಗಳ ಸಂದಿನಲ್ಲಿ ಫ್ರಿಜ್ಜಿನ ಒಂದು ಕಾಲು ಇಳಿದಿರುವುದುಂಟು. ಟ್ರೇಯ ಒಂದು ಬದಿಗೆ ನೀರು ಹೊರಳಿ, ತುಳುಕಿ, ಮೋಟರಿನ ಬಾಯಿಗೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು, ಮುಂದಿನ ಕಾಲುಗಳನ್ನು ತಿರುಗಿಸಿ ಸರಿಪಡಿಸಬೇಕು. ಲೋಟದಲ್ಲಿ ಐಸ್ ಕರಗಿದ ಮೇಲೆ ತಳದಲ್ಲಿ ಬಿಳಿಯ ಪುಡಿ ಉಳಿದರೆ ಅದು ನೀರಿನ ಸುಣ್ಣ.

ಒಳಗೆ ಟ್ಯಾಂಕು ಇರುವ ಮಾದರಿ

ಇದರಲ್ಲಿ ಒತ್ತಡದ ಗೊಡವೆ ಇಲ್ಲ. ಟ್ಯಾಂಕನ್ನು ತುಂಬಿ ವಾಪಸ್ ಇಡುವಾಗ ಅದು ಕೊನೆಯ ತನಕ ಸರಿದು ಕೂತಿಲ್ಲದಿದ್ದರೆ ಪಂಪು ಗಾಳಿಯನ್ನೇ ಎಳೆಯುತ್ತದೆ. ನಿಂತುಹೋಯಿತು ಎಂಬ ದೂರುಗಳಲ್ಲಿ ದೊಡ್ಡ ಪಾಲು ಇದೇ. ಟ್ಯಾಂಕಿನ ತಳದ ಚಿಕ್ಕ ಜಾಲರಿಯಲ್ಲಿ ಲೋಳೆ ಕಟ್ಟುವುದು ಎರಡನೆಯ ಕಾರಣ, ಆದ್ದರಿಂದ ವಾರಕ್ಕೊಮ್ಮೆ ತೊಳೆಯಬೇಕು. ಕುಡಿಯುವ ನೀರನ್ನಷ್ಟೇ ಹಾಕಬೇಕು. ಪಾನಕ, ಎಳನೀರು, ಬಿಸಿನೀರು ಯಾವುದೂ ಸಲ್ಲದು.

ಯಂತ್ರವನ್ನೇ ಪರೀಕ್ಷಿಸುವುದು

ತಂಪು, ನೀರು, ವೋಲ್ಟೇಜು ಎಲ್ಲ ಸರಿಯಿದೆ ಎಂದಾದ ಮೇಲೆ ಮಾತ್ರ ಐಸ್ ಮೇಕರಿನ ಕಡೆಗೆ ತಿರುಗಬೇಕು. ಹೆಚ್ಚಿನ ಮಾದರಿಗಳಲ್ಲಿ ಅದರ ತಳದಲ್ಲೋ ಪಕ್ಕದಲ್ಲೋ ಪರೀಕ್ಷೆಯ ಗುಂಡಿ ಇರುತ್ತದೆ. ಡಬ್ಬ ತೆಗೆದು, ಕೆಳಗೆ ಟವೆಲ್ ಹಾಸಿ, ಗುಂಡಿಯನ್ನು ಟ್ರೇ ಚಲಿಸುವ ತನಕ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಟ್ರೇ ಪೂರ್ತಿ ತಿರುಗಿ, ಹಿಂದಕ್ಕೆ ಬಂದು, ಆಮೇಲೆ ಹಿಂಬದಿಯಲ್ಲಿ ವಾಲ್ವಿನ ಗುಂಯ್ ಸದ್ದಿನೊಡನೆ ನೀರು ಬಿದ್ದರೆ ಯಂತ್ರ ಚೆನ್ನಾಗಿದೆ. ಟ್ರೇ ತಿರುಗಿಯೂ ನೀರು ಬೀಳದೆ, ಸದ್ದು ಮಾತ್ರ ಕೇಳಿಸಿದರೆ ಜಾಲರಿಯೋ ಕೊಳವೆಯೋ ಕಟ್ಟಿದೆ. ಸದ್ದೂ ಇಲ್ಲದಿದ್ದರೆ ವಾಲ್ವಿನ ಕಾಯಿಲ್ ಸುಟ್ಟಿರುವ ಸಾಧ್ಯತೆಯುಂಟು. ಪ್ಲಗ್ ತೆಗೆದು ಮಲ್ಟಿಮೀಟರ್ ಹಿಡಿದಾಗ ಕಾಯಿಲಿನಲ್ಲಿ ವಿದ್ಯುತ್ತಿಗೆ ಹಾದಿಯೇ ಇಲ್ಲವೆಂದು ಮುಳ್ಳು ತೋರಿದರೆ ವಾಲ್ವ್ ಬದಲಿಸಬೇಕು. ಟ್ರೇಯೇ ಅಲುಗದಿದ್ದರೆ ಮಾತ್ರ ಮೋಟರ್ ಅಥವಾ ಅದರ ಸೆನ್ಸರ್ ಹೋಗಿದೆ ಎನ್ನಬಹುದು. ಗುಂಡಿಯನ್ನು ಪದೇಪದೇ ಒತ್ತಬಾರದು, ಒತ್ತಿದಷ್ಟು ಸಲವೂ ನೀರು ಬಿದ್ದು ಟ್ರೇ ತುಳುಕುತ್ತದೆ. ಟ್ರೇಯನ್ನು ಕೈಯಿಂದ ತಿರುವಲೂಬಾರದು, ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿಯುತ್ತವೆ.

ಮೆಕ್ಯಾನಿಕ್‌ನನ್ನು ಕರೆಯಲೇಬೇಕಾದಾಗ ಫ್ರೀಜರಿನ ಉಷ್ಣತೆ ಎಷ್ಟಿತ್ತು, 180 ಮಿಲಿಲೀಟರ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತು, ಗುಂಡಿ ಒತ್ತಿದಾಗ ಯಾವ ಸದ್ದು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಫ್ರಿಜ್ಜಿನ ಒಳಚೀಟಿಯ ಮಾದರಿ ಸಂಖ್ಯೆಯನ್ನೂ ಫೋನಿನಲ್ಲೇ ಹೇಳಬೇಕು. ಬಿಡಿಭಾಗವನ್ನು ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ತರಿಸಬೇಕಾಗಿ ಬಂದರೆ ಈ ಸಂಖ್ಯೆ ಇಲ್ಲದೆ ತಪ್ಪು ಸಾಮಾನು ಬರುತ್ತದೆ. ವಾರಂಟಿ ಉಳಿದಿದ್ದರೆ ವಾಲ್ವಿನ ನಟ್ಟಿನಿಂದಾಚೆಗೆ ನೀವಾಗಿ ಏನನ್ನೂ ಬಿಚ್ಚಬೇಡಿ. ಹೊಸ ಭಾಗ ಕೂಡಿಸಿದ ಮೇಲೆ ಮೊದಲ ಎರಡು ಮೂರು ಸುತ್ತಿನ ಐಸನ್ನು ಚೆಲ್ಲಿ, ಪೈಪಿನ ಕೂಡುಗಳಲ್ಲಿ ಒಣ ಕಾಗದ ಒತ್ತಿ ಸೋರಿಕೆ ಇದೆಯೇ ನೋಡಿ, ಮರುದಿನ ಇನ್ನೊಮ್ಮೆ ನೋಡಿದ ಬಳಿಕವೇ ಫ್ರಿಜ್ಜನ್ನು ಹಿಂದಕ್ಕೆ ತಳ್ಳಬೇಕು. ಜಾತ್ರೆಗೋ ಮದುವೆಗೋ ವಾರಗಟ್ಟಲೆ ಊರಿಗೆ ಹೋಗುವವರು ಐಸ್ ಮೇಕರನ್ನು ಬಂದ್ ಮಾಡಿ, ಡಬ್ಬ ಖಾಲಿ ಮಾಡಿ, ಗೋಡೆಯ ನಲ್ಲಿಯನ್ನೂ ಬೂಸ್ಟರ್ ಪಂಪಿನ ಸ್ವಿಚ್ಚನ್ನೂ ಆರಿಸಿ ಹೋಗಬೇಕು.